ಹಾವು ಸಾಕುವುದು ಸುಲಭವೇ?

ಮಣ್ಣುಮುಕ್ಕ ಹಾವನ್ನು ಮನೇಲಿಟ್ಟರೆ ದುಡ್ಡು ಬರುತ್ತಂತೆ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಹಾವು ಸಾಕುವುದೆಂದರೆ ಏನು? ಅದನ್ನು ತಿಳಿಯಲು ಮಣ್ಣುಮುಕ್ಕನ ದೊಡ್ಡ ನೆಂಟನಾದ ಬೋವಾ ಕನ್‌ಸ್ಟ್ರಿಕ್ಟರ್ ಬಗ್ಗೆ ಓದೋಣ.

ಪರಿಚಯ: ಇದು ಮಧ್ಯ ಮತ್ತು ದಕ್ಷಿಣ ಅಮೆರಿಕದ ಹಾವು. ವಿಷವಿಲ್ಲ. ಬೇಟೆಯನ್ನು ಸುತ್ತಿ ಬಿಗಿದು ಕೊಲ್ಲುತ್ತದೆ. ಮೊಟ್ಟೆಯಿಡದೆ ಮರಿ ಹಾಕುತ್ತದೆ. ಸಾಮಾನ್ಯವಾಗಿ 6ರಿಂದ 10 ಅಡಿ ಬೆಳೆಯುತ್ತದೆ. ಅಮೆರಿಕ ಮುಂತಾದ ದೇಶಗಳಲ್ಲಿ ಇದನ್ನು ಮನೆಯಲ್ಲಿ ಸಾಕುವವರಿದ್ದಾರೆ.

ಮನೆ: ಬೆಳೆದ ಹಾವಿಗೆ ಕಡಿಮೆಯೆಂದರೂ 6 ಅಡಿ ಉದ್ದದ ಪೆಟ್ಟಿಗೆ ಬೇಕು. ಚಿಲಕ ಭದ್ರವಾಗಿರಬೇಕು, ಸಂದಿ ಸಿಕ್ಕರೆ ನುಸುಳಿಬಿಡುತ್ತೆ. ಹಾವು ಶೀತರಕ್ತ ಪ್ರಾಣಿ. ನಮ್ಮ ಹಾಗೆ ಮೈಯನ್ನು ತಾನೇ ಬಿಸಿಯಾಗಿಟ್ಟುಕೊಳ್ಳಲಾರದು. ಆದ್ದರಿಂದ ಪೆಟ್ಟಿಗೆಯ ಒಂದು ಕಡೆ ಸುಮಾರು 32 ಡಿಗ್ರಿ ಸೆಲ್ಸಿಯಸ್, ಇನ್ನೊಂದು ಕಡೆ 26 ಡಿಗ್ರಿ ಶಾಖ ಇರಬೇಕು. ಬೇಕಾದ ಕಡೆ ಅದು ಹರಿದು ಹೋಗುತ್ತೆ. ಎರಡೂ ಕಡೆ ಅಡಗಲು ಗೂಡು, ಮೈ ಮುಳುಗುವಷ್ಟು ನೀರಿನ ಬೋಗುಣಿ ಇಡಬೇಕು. ಗಾಳಿಯಲ್ಲಿ ತೇವ ಸಾಲದಿದ್ದರೆ ಪೊರೆ ಪೂರ್ತಿ ಕಳಚದೆ ಚೂರು ಚೂರಾಗಿ ಮೈಗೆ ಅಂಟಿಕೊಳ್ಳುತ್ತದೆ.

ಆಹಾರ: ದೊಡ್ಡ ಹಾವಿಗೆ ಎರಡು ಮೂರು ವಾರಕ್ಕೊಮ್ಮೆ ಒಂದು ಸತ್ತ ಇಲಿ ಸಾಕು. ಜೀವಂತ ಇಲಿ ಹಾಕಿದರೆ ಅದೇ ಹಾವನ್ನು ಕಚ್ಚಿ ಗಾಯ ಮಾಡಬಹುದು! ತಿಂದ ಮೇಲೆ ಎರಡು ದಿನ ಹಾವನ್ನು ಮುಟ್ಟಬಾರದು. ಬಿಸಿ ಸಾಲದಿದ್ದರೆ ತಿಂದದ್ದು ಅರಗದೆ ಕಕ್ಕಿಬಿಡುತ್ತೆ.

ಆಯಸ್ಸು: ಚೆನ್ನಾಗಿ ನೋಡಿಕೊಂಡರೆ 20ರಿಂದ 30 ವರ್ಷ. ಐದನೇ ಕ್ಲಾಸಿನ ಹುಡುಗ ಮರಿ ತಂದರೆ, ಅವನ ಮಕ್ಕಳು ಶಾಲೆಗೆ ಹೋಗುವಾಗಲೂ ಅದು ಇರಬಹುದು. ಅಷ್ಟು ವರ್ಷವೂ ಬಿಸಿ, ನೀರು, ಊಟ ತಪ್ಪಬಾರದು.

ನಮ್ಮ ಮಣ್ಣುಮುಕ್ಕ: ಇದೂ ಬೋವಾ ಗುಂಪಿನದೇ. ವಿಷವಿಲ್ಲ, ಮರಿ ಹಾಕುತ್ತದೆ. ಬಾಲ ಮೊಂಡಾಗಿರುವುದರಿಂದ ಎರಡು ತಲೆ ಹಾವು ಅಂತಾರೆ. ಇರುವುದು ಒಂದೇ ತಲೆ. ಸಡಿಲ ಮಣ್ಣು, ಇಲಿ ಬಿಲ ಇದರ ಮನೆ. ಬಿಸಿ, ತಂಪು, ಊಟ ಎಲ್ಲಾ ಅಲ್ಲೇ ಸಿಗುತ್ತೆ. ಇಲಿ ತಿಂದು ರೈತನ ಕಾಳು ಉಳಿಸುತ್ತದೆ. ಗೋಣಿಚೀಲದಲ್ಲೋ ಕೊಡದಲ್ಲೋ ಕೂಡಿಟ್ಟರೆ ಇದ್ಯಾವುದೂ ಇಲ್ಲ. ಒಳಗೇ ಸೊರಗಿ ಸಾಯುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಇದನ್ನು ಹಿಡಿಯುವುದು, ಮಾರುವುದು ಅಪರಾಧ. ಮನೇಲಿಟ್ಟರೆ ದುಡ್ಡು ಬರಲ್ಲ, ಫಾರೆಸ್ಟಿನವರು ಬರ್ತಾರೆ!

ನೆನಪಿಡಿ: ಯಾವ ಹಾವನ್ನೂ ಮುಟ್ಟಬೇಡಿ. ಗುರುತು ತಪ್ಪಿ ಕೊಳಕುಮಂಡಲ ಮುಟ್ಟಿದರೆ ಪ್ರಾಣಕ್ಕೇ ಅಪಾಯ. ದೂರ ನಿಂತು ದೊಡ್ಡವರಿಗೆ ಹೇಳಿ.

ಉತ್ತರಿಸಿ:
1. ಬೋವಾ ಪೆಟ್ಟಿಗೆಯ ಎರಡು ಕಡೆ ಬೇರೆ ಬೇರೆ ಶಾಖ ಏಕೆ ಬೇಕು?
2. ಮಣ್ಣುಮುಕ್ಕ ಹೊಲದಲ್ಲಿದ್ದರೆ ಯಾರಿಗೆ ಲಾಭ?