ವ್ಯಾನಿನೊಳಗಿನ ಮನೆ ಸೋರಿದರೆ ಹೊಣೆ ಯಾರದ್ದು?

ಮಡಿಕೇರಿಯ ಮಳೆಯಲ್ಲಿ ಎರಡು ರಾತ್ರಿ ನಿಂತ ಕ್ಯಾಂಪರ್ ವ್ಯಾನಿನ ಚಾವಣಿ ಸೋರಿ ಇನ್ವರ್ಟರ್ ಸುಟ್ಟುಹೋಯಿತು ಎಂದಿಟ್ಟುಕೊಳ್ಳೋಣ. ಮಾಲೀಕ ಕಂಪನಿಯ ಸರ್ವೀಸ್ ಸೆಂಟರಿಗೆ ಹೋದರೆ, ‘ಎಂಜಿನ್, ಬ್ರೇಕ್ ನಮ್ಮದು, ಮೇಲಿನ ಮನೆ ಕಟ್ಟಿದವರನ್ನು ಕೇಳಿ’ ಅನ್ನುತ್ತಾರೆ. ಬಾಡಿ ಕಟ್ಟಿದವರ ಪ್ರಕಾರ ತೂತು ಕೊರೆದದ್ದು ಸೋಲಾರ್‌ನವನು. ಸೋಲಾರ್‌ನವನೋ, ತಾನು ಸೀಲಂಟ್ ಸರಿಯಾಗಿಯೇ ಹಚ್ಚಿದ್ದೆ, ಆಮೇಲೆ ಎಸಿ ರಿಪೇರಿಗೆ ಮೇಲೆ ಹತ್ತಿದವರು ಕಿತ್ತಿದ್ದಾರೆ ಅನ್ನುತ್ತಾನೆ.

ಕ್ಯಾಂಪರ್ ವ್ಯಾನು ಅರ್ಧ ವಾಹನ, ಅರ್ಧ ಮನೆ. ಅದರ ರಿಪೇರಿ ಹೀಗೆ ಮೂರ್ನಾಲ್ಕು ಕೈಗಳಲ್ಲಿ ಹಂಚಿಹೋಗುವುದೇ ಜಗಳದ ಮೂಲ. ನಮ್ಮಲ್ಲಿ ಈ ಕೆಲಸಕ್ಕೆ ಪ್ರತ್ಯೇಕ ಕಾನೂನಿಲ್ಲ, ಅದು ಬೇಕಾಗಿಯೂ ಇಲ್ಲ. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ದೃಷ್ಟಿಯಲ್ಲಿ ಹಣ ಪಡೆದು ಮಾಡಿದ ರಿಪೇರಿ ಒಂದು ಸೇವೆ. ಅದರಲ್ಲಿ ಕೊರತೆಯಿದ್ದರೆ ಅದು ಸೇವಾ ನ್ಯೂನತೆ. ಒಬ್ಬರ ಮೇಲೊಬ್ಬರು ಬೆರಳು ತೋರಿಸುವ ಎಲ್ಲರನ್ನೂ ಒಂದೇ ದೂರಿನಲ್ಲಿ ಎದುರುದಾರರನ್ನಾಗಿ ಸೇರಿಸಬಹುದು.

ಆದರೆ ಸೇರಿಸಿದ ಮಾತ್ರಕ್ಕೆ ಗೆದ್ದಂತಲ್ಲ. ಸೇವೆಯಲ್ಲಿ ನ್ಯೂನತೆ ಇದೆಯೆಂದು ತೋರಿಸುವ ಹೊಣೆ ದೂರುದಾರನದ್ದೇ ಎಂದು ಸುಪ್ರೀಂ ಕೋರ್ಟ್ 2021ರ ಎಸ್‌ಜಿಎಸ್ ಇಂಡಿಯಾ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಹಾಗಾಗಿ ಇಂಥ ಪ್ರಕರಣಗಳ ಸೋಲು ಗೆಲುವು ಬಹುಪಾಲು ಗ್ಯಾರೇಜಿನ ಮೇಜಿನ ಮೇಲೆ, ಕೆಲಸ ಶುರುವಾಗುವ ಮೊದಲೇ ತೀರ್ಮಾನವಾಗಿರುತ್ತದೆ. ಆ ಮೇಜಿನ ಮೇಲೆ ಇರಬೇಕಾದದ್ದು ಜಾಬ್ ಕಾರ್ಡ್.

ಜಾಬ್ ಕಾರ್ಡಿನಲ್ಲಿ ‘ಜನರಲ್ ಚೆಕಪ್’ ಎಂದು ಗೀಚಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಮಾಲೀಕ ಹೇಳಿದ ದೂರು ಅವನದೇ ಮಾತಿನಲ್ಲಿ ಇರಬೇಕು: ಎಡಗಡೆ ಕಿಟಕಿಯ ಮೇಲೆ ಸೋರಿಕೆ, ಎರಡನೇ ಬ್ಯಾಟರಿ ಚಾರ್ಜ್ ಆಗುತ್ತಿಲ್ಲ, ಗ್ಯಾಸ್ ಪೈಪಿನ ಹತ್ತಿರ ವಾಸನೆ. ಜೊತೆಗೆ ಕಿಲೋಮೀಟರ್ ರೀಡಿಂಗ್, ಒಳಗಿರುವ ಫ್ರಿಜ್, ಪಂಪ್, ಬ್ಯಾಟರಿಗಳ ಸೀರಿಯಲ್ ನಂಬರ್, ಅಂದಾಜು ಖರ್ಚು, ವಾಹನ ಕೊಡುವ ದಿನಾಂಕ. ಅಂದಾಜು ಮೀರುವುದಾದರೆ ಕೇಳಿಯೇ ಮುಂದುವರಿಯಬೇಕು ಎಂಬ ಒಂದು ಸಾಲು. ಬದಲಾಯಿಸಿದ ಹಳೆಯ ಭಾಗಗಳನ್ನು ವಾಪಸು ಕೊಡಬೇಕು ಎಂಬ ಇನ್ನೊಂದು ಸಾಲು. ಲಿಥಿಯಂ ಬ್ಯಾಟರಿಗಳ ಬೆಲೆ ಗೊತ್ತಿದ್ದವರಿಗೆ ಈ ಎರಡನೆಯ ಸಾಲಿನ ಬೆಲೆಯೂ ಗೊತ್ತಾಗುತ್ತದೆ.

ಮೆಕ್ಯಾನಿಕ್ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಫೋಟೊ, ‘ಸರಿ ಸಾರ್, ಶುಕ್ರವಾರ ಕೊಡ್ತೀನಿ’ ಎಂಬ ಸಂದೇಶ ಕೂಡ ಸಾಕ್ಷ್ಯವೇ. ಅದನ್ನು ಹಾಜರುಪಡಿಸುವಾಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಕೇಳುವ ಪ್ರಮಾಣಪತ್ರವನ್ನು ಲಗತ್ತಿಸುವುದು ಒಳ್ಳೆಯದು. ಫೋನ್ ಬದಲಿಸುವ ಭರದಲ್ಲಿ ಚಾಟ್ ಅಳಿಸಿಹೋಗದಂತೆ ನೋಡಿಕೊಂಡರೆ ಸಾಕು.

ಇನ್ನು ಬಿಲ್ಲು. ‘ಬಿಲ್ ಬೇಡ ಅಂದ್ರೆ ಜಿಎಸ್‌ಟಿ ಉಳಿಯುತ್ತೆ’ ಎಂಬ ಮಾತು ಕೇಳದ ವಾಹನ ಮಾಲೀಕರು ಕಡಿಮೆ. ಒದಗಿಸಿದ ಸೇವೆಗೆ ಬಿಲ್ ಕೊಡದಿರುವುದನ್ನೇ 2019ರ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಯ ಪಟ್ಟಿಗೆ ಸೇರಿಸಿದೆ. ಉಳಿಸಿದ ತೆರಿಗೆಯ ಜೊತೆಗೆ ಹಣ ಕೊಟ್ಟದ್ದಕ್ಕಿರುವ ಪುರಾವೆಯೂ ಹೋಗುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ವಾಹನ ಗ್ಯಾರೇಜಿನ ಗೇಟು ದಾಟಿದ ಮೇಲೆ ಅನ್ವಯಿಸುವುದು 1872ರ ಭಾರತೀಯ ಕರಾರು ಕಾಯ್ದೆ. ರಿಪೇರಿಗೆ ಬಿಟ್ಟ ವಾಹನವನ್ನು ಗ್ಯಾರೇಜಿನವನು ತನ್ನದೇ ವಸ್ತುವನ್ನು ಒಬ್ಬ ಸಾಮಾನ್ಯ ವಿವೇಕಿ ನೋಡಿಕೊಳ್ಳುವಷ್ಟು ಜೋಪಾನವಾಗಿ ನೋಡಿಕೊಳ್ಳಬೇಕು ಎನ್ನುತ್ತದೆ 151ನೇ ಸೆಕ್ಷನ್. ಟೆಸ್ಟ್ ಡ್ರೈವ್ ಹೆಸರಿನಲ್ಲಿ ಹುಡುಗರು ವ್ಯಾನನ್ನು ನಂದಿ ಬೆಟ್ಟಕ್ಕೆ ಒಯ್ದು ಗುದ್ದಿಸಿಕೊಂಡು ಬಂದರೆ 154ನೇ ಸೆಕ್ಷನ್ ಪ್ರಕಾರ ನಷ್ಟ ಗ್ಯಾರೇಜಿನದ್ದು. ಒಪ್ಪಿದ ದಿನಕ್ಕೆ ತನ್ನ ತಪ್ಪಿನಿಂದಲೇ ಹಿಂತಿರುಗಿಸದೆ ಇಟ್ಟುಕೊಂಡರೆ, ಆ ದಿನದಿಂದ ಮುಂದೆ ಆಗುವ ಹಾನಿಗೂ ಅವನೇ ಹೊಣೆ ಎಂಬುದು 161.

‘ವಾಹನದಲ್ಲಿ ಬಿಟ್ಟ ವಸ್ತುಗಳಿಗೆ ನಾವು ಜವಾಬ್ದಾರರಲ್ಲ’ ಎಂಬ ಬೋರ್ಡು ಎಲ್ಲ ಕಡೆ ತೂಗುತ್ತದೆ. 1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿನ ವ್ಯಾಲೆ ಪಾರ್ಕಿಂಗ್‌ಗೆ ಕೊಟ್ಟ ಮಾರುತಿ ಜೆನ್ ಕಾರು ಕಳುವಾಯಿತು. ಪಾರ್ಕಿಂಗ್ ಚೀಟಿಯಲ್ಲಿ ‘ಮಾಲೀಕರದ್ದೇ ಹೊಣೆ’ ಎಂದು ಅಚ್ಚಾಗಿತ್ತು. 2019ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಸಾಲನ್ನು ಹೋಟೆಲಿನ ಗುರಾಣಿಯಾಗಲು ಬಿಡಲಿಲ್ಲ: ಕೀಲಿ ತೆಗೆದುಕೊಂಡವರು ಮೊದಲು ತಾವು ತಕ್ಕ ಎಚ್ಚರ ವಹಿಸಿದ್ದೆವೆಂದು ತೋರಿಸಬೇಕು. ಕಾರು ಬಿಡುವ ಹೋಟೆಲಿಗೆ ಹೇಳಿದ ಈ ತತ್ತ್ವ, ವಾರಗಟ್ಟಲೆ ಕೀಲಿ ಇಟ್ಟುಕೊಳ್ಳುವ ಗ್ಯಾರೇಜಿನ ವಿರುದ್ಧ ಇನ್ನೂ ಗಟ್ಟಿಯಾಗಿ ವಾದಿಸಬಹುದಾದದ್ದು.

ಗ್ಯಾರೇಜಿನವನಿಗೂ ಒಂದು ಬಲವಾದ ಹಕ್ಕಿದೆ. ಅದು ಗೊತ್ತಿಲ್ಲದೆ ಪೊಲೀಸ್ ಠಾಣೆಗೆ ಓಡುವವರು ಬರಿಗೈಲಿ ವಾಪಸಾಗುತ್ತಾರೆ. ದುಡಿಮೆ ಅಥವಾ ಕೌಶಲ ಹಾಕಿ ಕೆಲಸ ಮಾಡಿದವನು ಕೂಲಿ ಸಿಗುವವರೆಗೆ ವಸ್ತುವನ್ನು ಹಿಡಿದಿಟ್ಟುಕೊಳ್ಳಬಹುದು ಎನ್ನುತ್ತದೆ ಕರಾರು ಕಾಯ್ದೆಯ 170ನೇ ಸೆಕ್ಷನ್. ಕಾಯ್ದೆಯೇ ಕೊಡುವ ಉದಾಹರಣೆಯಲ್ಲಿ, ಹೊಲಿದು ಮುಗಿದ ಕೂಡಲೇ ಕೋಟು ಕೊಡುತ್ತೇನೆ, ಹಣಕ್ಕೆ ಮೂರು ತಿಂಗಳು ಕಾಯುತ್ತೇನೆ ಎಂದು ಒಪ್ಪಿದ ದರ್ಜಿ ಮಾತ್ರ ಕೋಟನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ. ಅಂದರೆ ಬಾಕಿ ಹೇಳಿ ಒಪ್ಪಿಸಿದ್ದರೆ ಮಾತು ಬೇರೆ. ಇಲ್ಲದಿದ್ದರೆ, ಬಿಲ್ಲಿನ ಬಗ್ಗೆ ತಕರಾರಿದ್ದರೂ ವ್ಯಾನು ಬೇಕೆಂದರೆ ‘ತಕರಾರಿನೊಂದಿಗೆ ಪಾವತಿಸಿದ್ದೇನೆ’ ಎಂದು ಬರಹದಲ್ಲಿ ತಿಳಿಸಿ, ಬ್ಯಾಂಕ್ ಮೂಲಕ ಹಣ ಕಟ್ಟಿ, ವಾಹನ ಬಿಡಿಸಿಕೊಂಡು, ಆಮೇಲೆ ಗ್ರಾಹಕರ ಆಯೋಗಕ್ಕೆ ಹೋಗುವುದು ಜಾಣತನ. ಈ ಹಕ್ಕು ಮಾಡಿದ ಕೆಲಸದ ಕೂಲಿಗೆ ಸೀಮಿತ. ಹೇಳದ ಕೆಲಸದ ಬಿಲ್ಲಿಗೆ, ಹಿಂದಿನ ಬೇರೆ ಬಾಕಿಗೆ ಅದನ್ನು ಎಳೆಯಲಾಗದು.

ವಾರಂಟಿಯ ಬೆದರಿಕೆ ಇನ್ನೊಂದು. ಹೊರಗೆ ಕೈ ಹಾಕಿಸಿದರೆ ವಾರಂಟಿ ಪೂರ್ತಿ ರದ್ದು ಎಂದು ಹೇಳುವುದು ವಾಡಿಕೆ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಬಿಡಿಭಾಗಗಳ ಮಾರುಕಟ್ಟೆಯ ಬಗ್ಗೆ 14 ಕಾರು ತಯಾರಕರ ವಿರುದ್ಧ ಕೊಟ್ಟ ಆದೇಶದಲ್ಲಿ ಅವರಿಗೆ ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ದಂಡದ ವಿಷಯ ಮೇಲ್ಮನವಿಗೆ ಹೋಯಿತು. ಓದುಗರಿಗೆ ಉಪಯುಕ್ತವಾದದ್ದು ಆದೇಶದ ಇನ್ನೊಂದು ಭಾಗ: ಸ್ವತಂತ್ರ ಗ್ಯಾರೇಜಿಗೆ ಹೋದರೆ ವಾರಂಟಿ ಸಾರಾಸಗಟು ರದ್ದು ಎಂಬ ಷರತ್ತು ಹಾಕಕೂಡದು, ಹೊರಗಿನ ತಪ್ಪು ರಿಪೇರಿಯಿಂದ ಆದ ಹಾನಿಯ ಮಟ್ಟಿಗೆ ಮಾತ್ರ ನಿರಾಕರಿಸಬಹುದು. ಒಳಗಿನ ಸಿಂಕ್ ಬದಲಿಸಿದ್ದಕ್ಕೆ ಗೇರ್ ಬಾಕ್ಸಿನ ವಾರಂಟಿ ಹೋಯಿತು ಎನ್ನುವವರಿಗೆ ಇದನ್ನು ತೋರಿಸಬಹುದು. ಆದರೆ ಮೂಲ ವೈರಿಂಗನ್ನು ಕತ್ತರಿಸಿ ಫ್ರಿಜ್‌ಗೆ ಕರೆಂಟು ಎಳೆದಿದ್ದರೆ ತಯಾರಕರ ವಾದಕ್ಕೂ ತೂಕವಿರುತ್ತದೆ.

ರಿಪೇರಿ ಎಲ್ಲಿ ಮುಗಿದು ಮಾರ್ಪಾಡು ಎಲ್ಲಿ ಶುರುವಾಗುತ್ತದೆ ಎಂಬುದನ್ನು ಗ್ಯಾರೇಜಿನವರು ತಲೆಗೆ ಹಚ್ಚಿಕೊಳ್ಳುವುದಿಲ್ಲ. ದಂಡ ಕಟ್ಟುವವನು ಮಾಲೀಕ. ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕೂ ಆರ್‌ಸಿಯ ವಿವರಕ್ಕೂ ತಾಳೆಯಾಗದಂತೆ ವಾಹನವನ್ನು ಬದಲಾಯಿಸಬಾರದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ಕೇರಳದಿಂದ ಬಂದ ಜಯಚಂದ್ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಸೀಟು ಕಿತ್ತು ಮಂಚ ಹಾಕುವುದು, ಚಾವಣಿ ಎತ್ತರಿಸುವುದು ಇವೆಲ್ಲ ಆರ್‌ಟಿಒ ಬಳಿ ಕೇಳಿಯೇ ಆಗಬೇಕಾದ ಕೆಲಸ. ಮಾಡಿದ ಬದಲಾವಣೆಯನ್ನು 14 ದಿನದೊಳಗೆ ವರದಿ ಮಾಡಬೇಕು. ಅನುಮತಿಯಿಲ್ಲದ ಮಾರ್ಪಾಡಿಗೆ 182ಎ ಸೆಕ್ಷನ್ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸುತ್ತದೆ. ಮೋಟಾರ್ ಕಾರವಾನ್‌ಗಳಿಗೆಂದೇ ಎಐಎಸ್-124 ಎಂಬ ಮಾನದಂಡವಿದೆ. ಬಾಡಿ ಕಟ್ಟುವವರಲ್ಲಿ ಅದರ ಅನುಮೋದನೆ ಕೇಳದೆ ಮುಂಗಡ ಕೊಡುವುದು ದುಬಾರಿ ಉತ್ಸಾಹ. ಆರ್‌ಸಿಗೂ ವಾಹನಕ್ಕೂ ಹೊಂದಿಕೆಯಿಲ್ಲದಿದ್ದರೆ ವಿಮೆ ಕಂಪನಿಯೂ ಕ್ಲೇಮಿನಲ್ಲಿ ತಗಾದೆ ತೆಗೆಯುತ್ತದೆ.

ವ್ಯಾನನ್ನು ಪ್ರವಾಸಿಗರಿಗೆ ಬಾಡಿಗೆ ಕೊಡುವವರು ‘ಗ್ರಾಹಕ’ರೇ? ವಾಣಿಜ್ಯ ಉದ್ದೇಶಕ್ಕೆ ಸೇವೆ ಪಡೆದವರನ್ನು ಗ್ರಾಹಕ ಸಂರಕ್ಷಣಾ ಕಾಯ್ದೆ ಹೊರಗಿಡುತ್ತದೆ, ಸ್ವಂತ ದುಡಿಮೆಯಿಂದ ಜೀವನೋಪಾಯ ಮಾಡುವವರನ್ನು ಒಳಗಿಟ್ಟುಕೊಳ್ಳುತ್ತದೆ. 1995ರ ಲಕ್ಷ್ಮಿ ಎಂಜಿನಿಯರಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆಟೊ ಕೊಂಡು ತಾನೇ ಓಡಿಸಿ ಬದುಕುವವನು ಗ್ರಾಹಕನೇ ಎಂದಿತ್ತು. ಒಂದು ವ್ಯಾನು ಇಟ್ಟುಕೊಂಡು ತಾನೇ ಚಾಲಕನಾದವನಿಗೆ ಈ ಬಾಗಿಲು ತೆರೆದಿದೆ. ಹತ್ತು ವ್ಯಾನು, ಹತ್ತು ಚಾಲಕರಿರುವ ಸಂಸ್ಥೆ ಸಿವಿಲ್ ಕೋರ್ಟನ್ನೇ ನೆಚ್ಚಬೇಕಾದೀತು.

ಮೊದಲ ಹೆಜ್ಜೆ ಬರಹದ ನೋಟಿಸು, ಎರಡನೆಯದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಕೊಟ್ಟ ಹಣ 50 ಲಕ್ಷದವರೆಗೆ ಇದ್ದರೆ ಅಲ್ಲೇ ದೂರು. ಕೊಟ್ಟದ್ದು 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400. ವ್ಯಾನು ಕೊಯಮತ್ತೂರಿನಲ್ಲಿ ಕಟ್ಟಿಸಿದ್ದರೂ ಶಿವಮೊಗ್ಗದಲ್ಲಿ ವಾಸವಿರುವ ಮಾಲೀಕ ಶಿವಮೊಗ್ಗದಲ್ಲೇ ದೂರು ಕೊಡಬಹುದು. ಹಳೆಯ ಕಾಯ್ದೆಯಲ್ಲಿ ಈ ಅನುಕೂಲ ಇರಲಿಲ್ಲ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ದಾಖಲಿಸಬಹುದು, ವಕೀಲರು ಕಡ್ಡಾಯವಲ್ಲ. ಕಾರಣ ಹುಟ್ಟಿದ ಎರಡು ವರ್ಷದೊಳಗೆ ದೂರು ಬರಬೇಕು, ತಡವಾದರೆ ತಕ್ಕ ಕಾರಣ ಹೇಳಬೇಕು.

ದೂರಿನ ಜೊತೆ ಬೇರೆ ಗ್ಯಾರೇಜಿನ ಎಂಜಿನಿಯರ್ ಕೊಟ್ಟ ತಪಾಸಣಾ ವರದಿ ಇರಲಿ. ಆ ವರದಿ ಬರುವ ಮೊದಲೇ ಸೋರಿಕೆಯನ್ನು ಸರಿಪಡಿಸಿಬಿಟ್ಟರೆ ತೋರಿಸಲು ಏನೂ ಉಳಿಯುವುದಿಲ್ಲ. ಎದುರುದಾರರು ಉತ್ತರ ಕೊಡಲು 30 ದಿನ, ಹೆಚ್ಚೆಂದರೆ ಇನ್ನು 15. ಅದಕ್ಕಿಂತ ಮುಂದೆ ವಿಸ್ತರಿಸುವ ಅಧಿಕಾರ ಆಯೋಗಕ್ಕಿಲ್ಲ ಎಂದು 2020ರಲ್ಲಿ ಸಂವಿಧಾನ ಪೀಠ ತೀರ್ಪಿತ್ತಿದೆ. ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ದೂರು ಇತ್ಯರ್ಥವಾಗಬೇಕೆಂದು ಕಾಯ್ದೆ ಆಶಿಸುತ್ತದೆ. ಆಯೋಗದ ಮೆಟ್ಟಿಲು ಹತ್ತಿದವರಿಗೆ ಆ ಲೆಕ್ಕದ ವಾಸ್ತವ ಗೊತ್ತು. ಎರಡೂ ಕಡೆಯವರು ಒಪ್ಪಿದರೆ ಆಯೋಗವೇ ಮಧ್ಯಸ್ಥಿಕೆಗೆ ಕಳಿಸುತ್ತದೆ. ರಿಪೇರಿ ಜಗಳಗಳಿಗೆ ಇದು ಒಗ್ಗುವ ದಾರಿ, ಏಕೆಂದರೆ ಮಾಲೀಕನಿಗೆ ಬೇಕಾದದ್ದು ಸೋರದ ಚಾವಣಿ.

ಆದೇಶ ಬಂದ ಮೇಲೆ ಎದುರುದಾರರು 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು, ಆದರೆ ಆದೇಶದ ಅರ್ಧ ಮೊತ್ತವನ್ನು ಮೊದಲು ಠೇವಣಿ ಇಡಬೇಕು. ಮೇಲ್ಮನವಿಯೂ ಇಲ್ಲ, ಹಣವೂ ಇಲ್ಲ ಎಂದಾದರೆ 72ನೇ ಸೆಕ್ಷನ್ ಅಡಿ ಅರ್ಜಿ ಹಾಕಬಹುದು: ಅದರಲ್ಲಿ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 25,000ದಿಂದ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಇವೆ.