ಮನೆಯ ಬಾನುಲಿಗೆ ಆಂಟೆನಾದ ಆಯ್ಕೆ

ಹ್ರಸ್ವ ತರಂಗಗಳ ಆವೃತ್ತಿ 3ರಿಂದ 30 ಮೆಗಾಹರ್ಟ್ಸ್‌ವರೆಗೆ ಇರುತ್ತದೆ. 300ನ್ನು ಈ ಆವೃತ್ತಿಯಿಂದ ಭಾಗಿಸಿದರೆ ತರಂಗದ ಉದ್ದವು ಮೀಟರುಗಳಲ್ಲಿ ದೊರೆಯುತ್ತದೆ. ರೇಡಿಯೊದ ಮುಖಫಲಕದ ಮೇಲೆ ಕಾಣುವ 49, 31, 25, 19 ಎಂಬ ಅಂಕಿಗಳ ಮೂಲ ಇದೇ. ಈ ತರಂಗಗಳು ಮೇಲಣ ಅಯಾನುಮಂಡಲದಲ್ಲಿ ಬಾಗಿ ಮರಳಿ ನೆಲಕ್ಕಿಳಿಯುವುದರಿಂದ ಸಾವಿರಾರು ಕಿಲೋಮೀಟರು ದೂರದ ನಿಲಯವೂ ಕೇಳಿಬರುತ್ತದೆ.

ಆಂಟೆನಾ ಉದ್ದವಾದಷ್ಟೂ ಧ್ವನಿ ಚೆನ್ನಾಗಿ ಬರುವುದೆಂಬುದು ರೂಢಿಯ ನಂಬಿಕೆ. ಪಡಸಾಲೆಯಲ್ಲಿ ತಾಮ್ರದ ಜಾಲರಿಪಟ್ಟಿಯನ್ನು ಬಿಗಿದು ಸಿಲೋನಿನ ಪ್ರಸಾರವನ್ನು ಆಲಿಸುತ್ತಿದ್ದ ಕಾಲಕ್ಕೆ ಅದು ಬಹುಮಟ್ಟಿಗೆ ಸಲ್ಲುತ್ತಿತ್ತು. ಇಂದು ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್, ಇನ್ವರ್ಟರ್, ಕಂಪ್ಯೂಟರುಗಳು ಮನೆ ತುಂಬಿವೆ; ಇವುಗಳಲ್ಲಿ ಅನೇಕವು ತಾವೇ ಪುಟ್ಟ ಪ್ರೇಷಕಗಳಂತೆ ಗದ್ದಲವನ್ನು ಹರಡುತ್ತವೆ. ಒಳಗೇ ತಂತಿಯನ್ನು ಉದ್ದಕ್ಕೆ ಎಳೆದರೆ ನಿಲಯದ ಧ್ವನಿಯೊಡನೆ ಗದ್ದಲವೂ ಬೆಳೆಯುತ್ತದೆ. ಆದುದರಿಂದ ಉದ್ದಕ್ಕಿಂತ ಸ್ಥಳವೇ ಮುಖ್ಯ. ಬ್ಯಾಟರಿಯ ಮೇಲೆ ರೇಡಿಯೊ ನಡೆಸುತ್ತ ಮನೆಯ ಮೇನ್ ಸ್ವಿಚ್ಚನ್ನು ಆರಿಸಿ ನೋಡಬೇಕು. ಕರಕರ ಸದ್ದು ಅಡಗಿದರೆ ಅದರ ಮೂಲ ಆ ಮನೆಯಲ್ಲೇ ಇದೆ. ಯಾವ ಆಂಟೆನಾವನ್ನೂ ಕೊಳ್ಳುವ ಮೊದಲು ಖರ್ಚಿಲ್ಲದ ಈ ಪರೀಕ್ಷೆ ಆಗಲೇಬೇಕು. ವಿದ್ಯಾರ್ಥಿಗಳಿಂದ ಮಾಡಿಸಲೂ ಇದು ತಕ್ಕುದು.

ಹಿತ್ತಲು ಅಥವಾ ತೋಟವುಳ್ಳವರಿಗೆ ಗೋಡೆಯಿಂದ ದೂರದಲ್ಲಿ, ಎರಡು ತುದಿಗಳಿಗೂ ಪಿಂಗಾಣಿ ಬಿಲ್ಲೆ ಕಟ್ಟಿ ಎತ್ತರದಲ್ಲಿ ಬಿಗಿದ ಹತ್ತು ಹದಿನೈದು ಮೀಟರಿನ ತಾಮ್ರದ ತಂತಿ ಸಾಕು. 31 ಮೀಟರ್ ಪಟ್ಟಿಯನ್ನೇ ವಿಶೇಷವಾಗಿ ಕೇಳುವವರು ಸುಮಾರು 15 ಮೀಟರಿನ ತಂತಿಯನ್ನು ನಡುವೆ ಕತ್ತರಿಸಿ ಅರ್ಧತರಂಗದ ದ್ವಿಧ್ರುವ ಆಂಟೆನಾ ಮಾಡಿಕೊಳ್ಳಬಹುದು. ಅಲ್ಲಿಂದ ಒಳಕ್ಕೆ ತರುವುದು ಲೋಹದ ಹೆಣಿಗೆಯ ಕವಚವುಳ್ಳ ಕೇಬಲ್ ಆಗಿರಬೇಕು. ಬರಿಯ ತಂತಿಯಾದರೆ ಮನೆಯ ಗದ್ದಲವನ್ನು ಮತ್ತೆ ಹೀರಿಕೊಳ್ಳುತ್ತದೆ. ಕೈಯಲ್ಲಿ ಹಿಡಿಯುವ ಸಣ್ಣ ರೇಡಿಯೊಗಳಿಗೆ ಇಷ್ಟು ಉದ್ದವೂ ಅತಿಯಾಗಿ, ಒಂದು ನಿಲಯದ ಮೇಲೆ ಇನ್ನೊಂದು ಬಂದು ಕೂರುವುದುಂಟು. ಅವಕ್ಕೆ ಐದಾರು ಮೀಟರ್ ಲೇಸು.

ಮಹಡಿಮನೆಗಳ ನಿವಾಸಿಗಳಿಗೆ ಸುಮಾರು ಒಂದು ಮೀಟರ್ ಅಡ್ಡಳತೆಯ ಬಳೆಯಾಕಾರದ ಆಂಟೆನಾ ಉತ್ತಮ. ಕಿಟಕಿಯ ಬಳಿಯಿಟ್ಟು ಮೆಲ್ಲನೆ ತಿರುಗಿಸಿದರೆ ಒಂದು ದಿಕ್ಕಿನಿಂದ ಬರುವ ಗದ್ದಲವು ಗಣನೀಯವಾಗಿ ಕುಗ್ಗುತ್ತದೆ.

ಆಂಟೆನಾ ತಂತಿಯು ವಿದ್ಯುತ್ ತಂತಿಗಳ ಮೇಲಾಗಲಿ ಕೆಳಗಾಗಲಿ ಹಾಯಕೂಡದು. ಕಡಿದು ಬಿದ್ದರೂ ಅವುಗಳಿಗೆ ತಾಗದಷ್ಟು ದೂರದಲ್ಲಿರಬೇಕು. ಈ ವಿಷಯದಲ್ಲಿ ರಿಯಾಯಿತಿಯೇ ಇಲ್ಲ. ನೇರ ಸಿಡಿಲನ್ನು ತಡೆಯಬಲ್ಲ ಗೃಹೋಪಕರಣವೂ ಇಲ್ಲ. ಮುಂಗಾರಿಗೆ ಮುಂಚಿನ ಗುಡುಗುಮಳೆಯ ತಿಂಗಳುಗಳಲ್ಲಿ, ಆಲಿಸುವುದು ಮುಗಿದೊಡನೆ, ಮೋಡ ಕವಿಯುವುದನ್ನು ಕಾಯದೆ, ಕೇಬಲ್ಲನ್ನು ರೇಡಿಯೊದಿಂದ ಕಳಚಿ ಕಿಟಕಿಯ ಹೊರಗೆ ಬಿಡತಕ್ಕದ್ದು.