ಕಣ್ಣಿನ ಪೊರೆ ತೆಗೆಸಿದರೆ ನಿಜವಾಗಿ ಕಾಣುತ್ತದೆಯೇ?

ಅಕ್ಕಿಯಲ್ಲಿ ಕಲ್ಲು ಹೆಕ್ಕಲು ಕಷ್ಟವಾಗುತ್ತಿದೆಯೇ? ಬಸ್ಸಿನ ಬೋರ್ಡು ಮಂಜು ಮಂಜಾಗಿ ಕಾಣುತ್ತದೆಯೇ? ರಾತ್ರಿ ಎದುರಿನಿಂದ ಬರುವ ಗಾಡಿಯ ಬೆಳಕು ಕಣ್ಣಿಗೆ ಕುಕ್ಕುತ್ತದೆಯೇ?

ಕಲಿಕಾ ಕೇಂದ್ರಕ್ಕೆ ಬರುವ ಕೆಲವು ಹಿರಿಯರು ಅರ್ಧದಲ್ಲೇ ಪುಸ್ತಕ ಮುಚ್ಚಿಡುತ್ತಾರೆ. "ಕಲಿತದ್ದೆಲ್ಲ ಮರೆತುಹೋಯಿತು. ಇನ್ನು ನನ್ನ ತಲೆಗೆ ಹತ್ತುವುದಿಲ್ಲ" ಎನ್ನುತ್ತಾರೆ. ಅವರು ಅಕ್ಷರ ಮರೆತಿರಲಿಕ್ಕಿಲ್ಲ. ಅಕ್ಷರ ಅವರಿಗೆ ಕಾಣದೆ ಇರಬಹುದು. ಅದಕ್ಕೇ ಈ ಪಾಠ.

ಪೊರೆ ಎಂದರೇನು?

ಕಣ್ಣಿನ ನಡುವೆ ಕಪ್ಪು ಬೊಟ್ಟು ಇದೆಯಲ್ಲ, ಅದರ ಹಿಂದೆ ಒಂದು ಮಸೂರ ಇದೆ. ಅದು ಗಾಜಿನ ಹಾಗೆ ತಿಳಿಯಾಗಿರುತ್ತದೆ. ವಯಸ್ಸಾದಂತೆ ಅದು ಮಬ್ಬಾಗುತ್ತದೆ. ಇದೇ ಪೊರೆ. ಮಲಯಾಳದಲ್ಲಿ ಇದನ್ನು ತಿಮಿರಂ ಎನ್ನುತ್ತಾರೆ.

ಸಕ್ಕರೆ ಕಾಯಿಲೆ ಇದ್ದವರಿಗೆ, ಬೀಡಿ ಸಿಗರೇಟು ಸೇದುವವರಿಗೆ, ಕಣ್ಣಿಗೆ ಪೆಟ್ಟು ಬಿದ್ದವರಿಗೆ ಪೊರೆ ಬೇಗ ಬರಬಹುದು.

2015ರಿಂದ 2019ರ ವರೆಗೆ ನಮ್ಮ ದೇಶದಲ್ಲಿ ಕಣ್ಣಿನ ಸರ್ವೆ ನಡೆಯಿತು. 50 ವರ್ಷ ದಾಟಿ ದೃಷ್ಟಿ ಕಳೆದುಕೊಂಡ 100 ಮಂದಿಯಲ್ಲಿ ಸುಮಾರು 66 ಮಂದಿಗೆ ಪೊರೆಯೇ ಕಾರಣ ಎಂದು ತಿಳಿಯಿತು. ಇವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆಯಿಂದ ಮತ್ತೆ ಕಾಣುವ ಹಾಗೆ ಮಾಡಬಹುದು.

ಹನಿ ಮದ್ದು ಸಾಲದೇ?

ಮೊಟ್ಟೆಯ ಒಳಗಿನ ಲೋಳೆ ಬೇಯಿಸಿದರೆ ಬೆಳ್ಳಗಾಗುತ್ತದೆ. ಮತ್ತೆ ಅದನ್ನು ತಿಳಿ ಮಾಡಲು ಆಗುತ್ತದೆಯೇ? ಇಲ್ಲ. ಮಬ್ಬಾದ ಮಸೂರವೂ ಹಾಗೆಯೇ. ಪೊರೆಯನ್ನು ಕರಗಿಸುತ್ತದೆ ಎಂದು ರುಜುವಾತಾದ ಹನಿ ಮದ್ದು ಇಂದಿಗೂ ಇಲ್ಲ. ಜೇನು, ನೀರುಳ್ಳಿ ರಸ, ಎಲೆಯ ರಸ ಬಿಟ್ಟರೆ ಕಣ್ಣು ಹುಣ್ಣಾಗುವ ಅಪಾಯ ಇದೆ.

ವಿಟಮಿನ್ ಮಾತ್ರೆ ತಿಂದರೆ ಪೊರೆ ಬೆಳೆಯುವುದು ನಿಂತೀತೇ? ತಮಿಳುನಾಡಿನಲ್ಲಿ ಸುಮಾರು 800 ಮಂದಿಯನ್ನು ಐದು ವರ್ಷ ನೋಡಿದರು. ಮಾತ್ರೆ ತಿಂದವರಿಗೂ ತಿನ್ನದವರಿಗೂ ವ್ಯತ್ಯಾಸ ಕಾಣಲಿಲ್ಲ. ಪೊರೆಗೆ ಇರುವ ಮದ್ದು ಒಂದೇ, ಆಪರೇಶನ್.

ಆಪರೇಶನ್ ಒಳ್ಳೆಯದೆಂದು ಹೇಗೆ ನಂಬುವುದು?

ಅಡಿಕೆ ತೋಟಕ್ಕೆ ಕೊಳೆರೋಗದ ಮದ್ದು ಬಿಡುತ್ತೀರಲ್ಲ. ಹೊಸ ಮದ್ದು ಒಳ್ಳೆಯದೋ ಎಂದು ತಿಳಿಯಲು ಏನು ಮಾಡುತ್ತೀರಿ? ಒಂದೇ ತೋಟದ ಅರ್ಧ ಮರಗಳಿಗೆ ಹೊಸ ಮದ್ದು, ಉಳಿದ ಅರ್ಧಕ್ಕೆ ಹಳೆಯ ಮದ್ದು ಬಿಟ್ಟು ನೋಡಬಹುದು. ಒಂದು ಮರ ನೋಡಿ ಹೇಳಲು ಆಗದು. ಹಲವು ಮರ ನೋಡಬೇಕು. ವೈದ್ಯರೂ ಹೀಗೆಯೇ ಪರೀಕ್ಷೆ ಮಾಡುತ್ತಾರೆ. ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸುತ್ತಾರೆ.

ಹಿಂದೆ ಪೊರೆ ತೆಗೆದ ಮೇಲೆ ದಪ್ಪ ಗಾಜಿನ ಕನ್ನಡಕ ಕೊಡುತ್ತಿದ್ದರು. ನಿಮ್ಮ ಅಜ್ಜ ಅಜ್ಜಿಯ ಕನ್ನಡಕ ನೆನಪಿರಬಹುದು. ಆ ಕಾಲದಲ್ಲಿ ಬೀಳಗಿಯ ಡಾಕ್ಟರ್ ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ನಡೆಸಿ ಬಡವರ ಪೊರೆ ತೆಗೆದರು. 1968ರಲ್ಲಿ ಅವರಿಗೆ ಪದ್ಮಭೂಷಣ ಬಂತು.

1949ರಲ್ಲಿ ಲಂಡನಿನ ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು ಮೊದಲ ಬಾರಿಗೆ ಕಣ್ಣಿನ ಒಳಗೇ ಪ್ಲಾಸ್ಟಿಕ್ ಮಸೂರ ಇಟ್ಟರು. ನಮ್ಮವರಿಗೆ ಇದು ಹಿಡಿಸುತ್ತದೆಯೇ? ಮಧುರೆಯ ಅರವಿಂದ್ ಕಣ್ಣಿನ ಆಸ್ಪತ್ರೆಯಲ್ಲಿ 3,400 ಮಂದಿಯನ್ನು ಎರಡು ಗುಂಪು ಮಾಡಿ ಪರೀಕ್ಷಿಸಿದರು. ಒಂದು ಗುಂಪಿಗೆ ಹಳೆಯ ಆಪರೇಶನ್ ಮತ್ತು ದಪ್ಪ ಕನ್ನಡಕ. ಇನ್ನೊಂದು ಗುಂಪಿಗೆ ಒಳಗಿನ ಮಸೂರ. 1998ರಲ್ಲಿ ಫಲ ಪ್ರಕಟವಾಯಿತು. ಎರಡೂ ಗುಂಪಿನಲ್ಲಿ ಹೆಚ್ಚಿನವರಿಗೆ ಕಣ್ಣು ಕಂಡಿತು. ಆದರೆ ಒಳಗಿನ ಮಸೂರದವರಿಗೆ ನಡೆದಾಡುವುದು, ದಿನದ ಕೆಲಸ ಮಾಡುವುದು ಹೆಚ್ಚು ಸುಲಭವಾಯಿತು. ಈಗ ಎಲ್ಲ ಕಡೆ ಒಳಗಿನ ಮಸೂರವನ್ನೇ ಇಡುತ್ತಾರೆ.

ದುಬಾರಿ ಯಂತ್ರದ ಆಪರೇಶನ್ನೇ ಬೇಕೇ? ಪುಣೆಯಲ್ಲಿ 400 ಮಂದಿಯನ್ನು ಪರೀಕ್ಷಿಸಿದರು. ಒಂದು ಗುಂಪಿಗೆ ಯಂತ್ರದಿಂದ, ಇನ್ನೊಂದಕ್ಕೆ ಖರ್ಚು ಕಡಿಮೆಯ ಸಣ್ಣ ಗಾಯದ ಆಪರೇಶನ್. ಕನ್ನಡಕ ಇಲ್ಲದೆ ನೋಡಿದಾಗ ಯಂತ್ರದ ಗುಂಪಿಗೆ ಸ್ವಲ್ಪ ಚೆನ್ನಾಗಿ ಕಂಡಿತು. ಕನ್ನಡಕ ಹಾಕಿದಾಗ ಎರಡೂ ಗುಂಪಿನವರಿಗೆ ಹೆಚ್ಚುಕಡಿಮೆ ಒಂದೇ ಸಮ ಕಂಡಿತು. ಹಣ ಇಲ್ಲವೆಂದು ಮನೆಯಲ್ಲಿ ಕುಳಿತುಕೊಳ್ಳಬೇಕಾಗಿಲ್ಲ.

ಇನ್ನೊಂದು ಮಾತು. ಇಂಗ್ಲೆಂಡಿನಲ್ಲಿ 70 ದಾಟಿದ 306 ಹೆಂಗಸರನ್ನು ನೋಡಿದರು. ಕಾಯುತ್ತಾ ಇದ್ದವರಿಗಿಂತ ಬೇಗ ಒಂದು ಕಣ್ಣಿನ ಪೊರೆ ತೆಗೆಸಿದವರು ಬೀಳುವುದು ಮೂರರಲ್ಲಿ ಒಂದು ಪಾಲು ಕಡಿಮೆಯಾಯಿತು. ಮಳೆಗಾಲದಲ್ಲಿ ನಮ್ಮ ಅಂಗಳ ಎಷ್ಟು ಜಾರುತ್ತದೆ! ಬಿದ್ದು ಸೊಂಟ ಮುರಿದರೆ ಇಡೀ ಮನೆಗೆ ಕಷ್ಟ.

ಎಲ್ಲರಿಗೂ ಪೂರ್ತಿ ಕಾಣುತ್ತದೆಯೇ?

ಹೆಚ್ಚಿನವರಿಗೆ ಚೆನ್ನಾಗಿ ಕಾಣುತ್ತದೆ. ಎಲ್ಲರಿಗೂ ಅಲ್ಲ. ಸಕ್ಕರೆ ಕಾಯಿಲೆಯಿಂದ ಕಣ್ಣಿನ ಹಿಂಭಾಗ ಹಾಳಾಗಿದ್ದರೆ, ಕಣ್ಣಿನ ಒತ್ತಡದ ಕಾಯಿಲೆ ಇದ್ದರೆ, ಪೊರೆ ತೆಗೆದರೂ ಪೂರ್ತಿ ಕಾಣಲಿಕ್ಕಿಲ್ಲ. ಕೆಲವರಿಗೆ ಕೆಲವು ತಿಂಗಳು ಅಥವಾ ವರ್ಷಗಳ ಬಳಿಕ ಮತ್ತೆ ಮಬ್ಬು ಬರಬಹುದು. ಅದನ್ನು ಲೇಸರ್ ಚಿಕಿತ್ಸೆಯಿಂದ ಸರಿ ಮಾಡುತ್ತಾರೆ. ಅಪರೂಪಕ್ಕೆ ಕಣ್ಣಿನ ಒಳಗೆ ಕೀವು ಆಗುತ್ತದೆ. ಆಪರೇಶನ್ ಆದ ಮೇಲೆ ನೋವು ಹೆಚ್ಚಾದರೆ, ಕಣ್ಣು ಕೆಂಪಾದರೆ, ದೃಷ್ಟಿ ಕಡಿಮೆಯಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ನಾಳೆಗೆ ಬಿಡಬೇಡಿ.

ಸಾಮಾನ್ಯವಾಗಿ ಇಡುವ ಮಸೂರದಿಂದ ದೂರದ್ದು ಚೆನ್ನಾಗಿ ಕಾಣುತ್ತದೆ. ಓದಲು ಕನ್ನಡಕ ಬೇಕಾಗುತ್ತದೆ. ಅದು ಆಪರೇಶನ್ ಕೆಟ್ಟದ್ದಕ್ಕಲ್ಲ.

ನೀವು ಏನು ಮಾಡಬೇಕು?

1. ಒಂದು ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ನೋಡಿ. ಮತ್ತೆ ಇನ್ನೊಂದು ಕಣ್ಣು ಮುಚ್ಚಿ ನೋಡಿ. ಒಂದು ಕಣ್ಣಿಗೆ ಮಬ್ಬಾಗಿ ಕಂಡರೆ ಪರೀಕ್ಷೆ ಮಾಡಿಸಿ.

2. ಪೊರೆ ಬಲಿಯಲಿ ಎಂದು ಕಾಯಬೇಡಿ. ಅದು ಹಳೆಯ ಕಾಲದ ಮಾತು. ನಿಮ್ಮ ಕೆಲಸಕ್ಕೆ ತೊಂದರೆಯಾದಾಗ ಡಾಕ್ಟರರನ್ನು ಕೇಳಿ. ತೀರಾ ಬಲಿತರೆ ಆಪರೇಶನ್ ಕಷ್ಟವಾಗುತ್ತದೆ.

3. ಎಲ್ಲಿಗೆ ಹೋಗಬೇಕೆಂದು ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ವಿಚಾರಿಸಿ. ಕುರುಡುತನ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ 1976ರಲ್ಲಿ ಶುರುವಾಯಿತು. ಬಡವರಿಗೆ ಉಚಿತವಾಗಿ ಪೊರೆ ತೆಗೆಯುವುದು ಅದರ ಮುಖ್ಯ ಕೆಲಸ.

4. ಸಕ್ಕರೆ, ರಕ್ತದೊತ್ತಡದ ಮದ್ದು ತಿನ್ನುತ್ತಿದ್ದರೆ ಚೀಟಿ ತೆಗೆದುಕೊಂಡು ಹೋಗಿ.

5. ಸಮ್ಮತಿ ಪತ್ರ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರಬಹುದು. "ಕನ್ನಡದಲ್ಲಿ ಹೇಳಿ" ಎಂದು ಕೇಳಿ. ನಾಚಿಕೆ ಬೇಡ. ತಿಳಿದುಕೊಂಡೇ ಸಹಿ ಹಾಕಿ. ನೀವೀಗ ಹೆಬ್ಬೆಟ್ಟು ಒತ್ತುವವರಲ್ಲ.

ಪದಗಳ ಅರ್ಥ

ಮಸೂರ – ಬೆಳಕನ್ನು ಸೇರಿಸಿ ವಸ್ತು ಕಾಣುವಂತೆ ಮಾಡುವ ಕಣ್ಣಿನ ಭಾಗ
ರುಜುವಾತು – ನಿಜವೆಂದು ತೋರಿಸುವ ಆಧಾರ
ಸಮ್ಮತಿ ಪತ್ರ – ಒಪ್ಪಿಗೆಯ ಕಾಗದ

ಉತ್ತರ ಹೇಳಿರಿ

1. ಹನಿ ಮದ್ದಿನಿಂದ ಪೊರೆ ಏಕೆ ಹೋಗುವುದಿಲ್ಲ?
2. ಮಧುರೆಯ ಪರೀಕ್ಷೆಯಿಂದ ಏನು ತಿಳಿಯಿತು?
3. ಆಪರೇಶನ್ ಬಳಿಕ ಯಾವಾಗ ಕೂಡಲೇ ಆಸ್ಪತ್ರೆಗೆ ಹೋಗಬೇಕು?

ಮಾಡಿರಿ

ಈ ಪಾಠವನ್ನು ನಿಮ್ಮ ಮನೆಯ ಅಥವಾ ಆಚೆಮನೆಯ ಹಿರಿಯರಿಗೆ ಓದಿ ಹೇಳಿರಿ. ಅವರ ಕಣ್ಣು ಮಬ್ಬಾಗಿದ್ದರೆ ಯಾವ ದಿನ ಅವರ ಜೊತೆ ಆಸ್ಪತ್ರೆಗೆ ಹೋಗುತ್ತೀರಿ? ಆ ತಾರೀಕನ್ನು ಇಲ್ಲಿ ಬರೆಯಿರಿ: ..................